ಮೋಟಾರ್ ಗ್ಲೈಡರ್: ಇಂಜಿನ್ ಇದೆ ಅನ್ನೋ ಧೈರ್ಯ ಎಷ್ಟರ ಮಟ್ಟಿಗೆ?

ಪ್ರಶ್ನೆ: ನಾನು ಉಡುಪಿಯವನು. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದೆ. ಈಗ ಜರ್ಮನಿಯಲ್ಲಿ ಕೆಲಸ. ಇಲ್ಲಿನ ಕ್ಲಬ್ಬಿನಲ್ಲಿ ಫಾಲ್ಕೆ ಮೋಟಾರ್ ಗ್ಲೈಡರ್ ಹಾರಿಸಲು ಕಲಿತಿದ್ದೇನೆ. ಮುಂದಿನ ಬೇಸಿಗೆಗೆ, ಇಂಜಿನ್ ಬೆನ್ನೊಳಗೆ ಮಡಚಿಕೊಳ್ಳುವ ಗ್ಲೈಡರ್‌ಗೆ ಹೋಗುವ ಆಸೆ. ಊರಲ್ಲಿ ಅಮ್ಮನಿಗೆ ಹೆದರಿಕೆ. "ಗಾಳಿ ಸಿಗದಿದ್ದರೆ ಇಂಜಿನ್ ಉಂಟು, ಇಂಜಿನ್ ಕೈಕೊಟ್ಟರೆ ತೇಲ್ತದೆ, ಎರಡೆರಡು ರಕ್ಷಣೆ" ಅಂತ ಸಮಾಧಾನ ಹೇಳಿದ್ದೇನೆ. ಇದು ಸರಿಯಾ? ಗಾಳಿಯಲ್ಲಿ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಲು ಎಷ್ಟು ಎತ್ತರ ಇರಬೇಕು? ನಮ್ಮ ಉಡುಪಿಯಿಂದ ಕುದುರೆಮುಖದ ಕಡೆಗೆ ಇಂಥದ್ದನ್ನು ಹಾರಿಸಲು ಸಾಧ್ಯವಾ?

ಉತ್ತರ: ಅಮ್ಮನಿಗೆ ಹೇಳಿದ್ದು ಫಾಲ್ಕೆಯ ಮಟ್ಟಿಗೆ ಹೆಚ್ಚುಕಡಿಮೆ ಸರಿ. ನೀವು ಹೋಗಬೇಕು ಅಂತಿರುವ ಗ್ಲೈಡರ್‌ಗೆ ಅದು ಸರಿಯಲ್ಲ.

ಫಾಲ್ಕೆಯಲ್ಲಿ ಇಂಜಿನ್ ಮೂಗಿನಲ್ಲೇ ಕೂತಿರುತ್ತದೆ. ಓಡಲಿ, ನಿಲ್ಲಲಿ, ವಿಮಾನದ ಆಕಾರ ಬದಲಾಗುವುದಿಲ್ಲ. ಒಂದು ಮೀಟರ್ ಇಳಿದರೆ ಇಪ್ಪತ್ತು ಚಿಲ್ಲರೆ ಮೀಟರ್ ಮುಂದೆ ಹೋಗುತ್ತದೆ. ಇಂಜಿನ್ ನಿಂತಾಗಲೂ ಅದು ನಿಮಗೆ ಗೊತ್ತಿರುವ ಅದೇ ವಿಮಾನ. ಗೊತ್ತಿರುವ ಹಾಗೇ ಇಳಿಸಬಹುದು.

ಮಡಚುವ ಇಂಜಿನ್‌ದು ಬೇರೆ ಕಥೆ. ಎಎಸ್‌ಎಚ್ 26 ಇ, ಡಿಜಿ 800 ಇಂಥವುಗಳನ್ನು ತೆಗೆದುಕೊಳ್ಳಿ. ಇಂಜಿನ್ ಒಳಗಿದ್ದಾಗ ಒಂದು ಮೀಟರ್‌ಗೆ ಸುಮಾರು ಐವತ್ತು ಮೀಟರ್ ಜಾರುತ್ತವೆ. ಒಂದು ಸ್ವಿಚ್ ಒತ್ತಿದರೆ ಬೆನ್ನ ಮೇಲಿನ ಬಾಗಿಲು ತೆರೆದು, ಕಂಬದ ತುದಿಯಲ್ಲಿ ಪ್ರೊಪೆಲ್ಲರ್ ಎದ್ದು ನಿಲ್ಲುತ್ತದೆ. ಅದು ತಿರುಗಿದರೆ ಸರಿ. ತಿರುಗದಿದ್ದರೆ? ಮಳೆಗಾಲದ ಗಾಳಿಯಲ್ಲಿ ಸ್ಕೂಟರ್ ಮೇಲೆ ಕೂತು ಕೊಡೆ ಬಿಡಿಸಿದ ಹಾಗೆ. ಐವತ್ತು ಇದ್ದದ್ದು ಹದಿನೈದರ ಆಸುಪಾಸಿಗೆ ಬಂದು ನಿಲ್ಲಬಹುದು. ಅಂದರೆ ಇಂಜಿನ್ ಹೊರಗೆ ತೆಗೆದು, ಅದು ಸ್ಟಾರ್ಟ್ ಆಗದೆ ಉಳಿದ ಗ್ಲೈಡರ್, ಇಂಜಿನ್ನೇ ಇಲ್ಲದ ಗ್ಲೈಡರ್‌ಗಿಂತ ಎಷ್ಟೋ ಕೆಟ್ಟದ್ದು. ಎರಡೆರಡು ರಕ್ಷಣೆ ಅಂತ ಲೆಕ್ಕ ಹಾಕಿದ ಜಾಗದಲ್ಲಿ ಒಂದೂ ಪೂರ್ತಿ ಉಳಿದಿರುವುದಿಲ್ಲ.

ಹಾಗಾಗಿ ಎಷ್ಟು ಎತ್ತರ ಅನ್ನುವುದಕ್ಕೆ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ. ಕೆಳಗೆ ಏನಿದೆ? ಸ್ಟಾರ್ಟರ್ ಒತ್ತುವ ಮೊದಲು ಇಳಿಯುವ ಗದ್ದೆ ಗೊತ್ತಾಗಿರಬೇಕು. "ಆ ಕಡೆ ಎಲ್ಲೋ ಬಯಲಿದೆ" ಅಂದರೆ ಸಾಲದು. ಇದೇ ಗದ್ದೆ, ಈ ದಿಕ್ಕಿನಿಂದ ಬರುತ್ತೇನೆ, ಗಾಳಿ ಹೀಗಿದೆ, ಆ ಮೂಲೆಯಲ್ಲಿ ಕರೆಂಟ್ ಕಂಬ ಇದೆ, ಇಷ್ಟು ಬಾಯಿಗೆ ಬರಬೇಕು. ಆಮೇಲೆ ಇಂಜಿನ್. ಸ್ಟಾರ್ಟ್ ಆದರೆ ಲಾಭ, ಆಗದಿದ್ದರೆ ಹೇಗೂ ಇಳಿಯಲು ತಯಾರಾಗಿದ್ದೀರಿ.

ಈಗ ಎತ್ತರದ ಲೆಕ್ಕ. ಇದನ್ನು ಕಾಗದದ ಮೇಲೆ ನೀವೇ ಒಮ್ಮೆ ಮಾಡಿ ನೋಡಿ. ಕಂಬ ಹೊರಗಿದೆ, ವೇಗ ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಹದಿನೈದಕ್ಕೆ ಒಂದರಂತೆ ಇಳಿದರೆ ಸೆಕೆಂಡಿಗೆ ಒಂದೂಮುಕ್ಕಾಲು ಮೀಟರ್ ಹತ್ತಿರ. ನಿಮಿಷಕ್ಕೆ 100 ಮೀಟರ್. ಕಂಬ ಎದ್ದು ನಿಲ್ಲಲು ಒಂದಷ್ಟು ಸೆಕೆಂಡ್, ಮೊದಲ ಸಲ ಕ್ರ್ಯಾಂಕ್, ಆಗಲಿಲ್ಲ, ಚೋಕ್ ನೋಡು, ಇನ್ನೊಮ್ಮೆ ಕ್ರ್ಯಾಂಕ್. ಎರಡು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ. 300 ಮೀಟರ್‌ನಲ್ಲಿ ಶುರು ಮಾಡಿದವನು ಈಗ 100 ಮೀಟರ್‌ನಲ್ಲಿದ್ದಾನೆ. ಸರ್ಕ್ಯೂಟ್‌ಗೆ, ಅಂದರೆ ಇಳಿಯುವ ಮುಂಚೆ ಗದ್ದೆಯ ಪಕ್ಕದಲ್ಲಿ ಹಾಕುವ ಸುತ್ತಿಗೆ, ಬೇಕಾದ ಎತ್ತರವೇ ಉಳಿದಿಲ್ಲ. ಇದರ ಜೊತೆ ಇಳಿಗಾಳಿ ಸಿಕ್ಕಿದರೆ ಇನ್ನೂ ಬೇಗ. ಇಂಜಿನ್ ಬೇಕು ಅಂತ ಅನ್ನಿಸುವುದೇ ಇಳಿಗಾಳಿಯಲ್ಲಿ, ಅಲ್ವಾ?

ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಹೇಳುವುದು, ಇಳಿಯಬಹುದಾದ ಜಾಗದ ಮೇಲೆ 1000 ಅಡಿಗಿಂತ, ಅಂದರೆ 300 ಮೀಟರ್‌ಗಿಂತ ಕೆಳಗೆ ಸ್ಟಾರ್ಟ್ ಮಾಡಲು ಹೋಗಬೇಡಿ ಅಂತ. ಹೊಸಬರಿಗೆ ನಾನು ಇದಕ್ಕಿಂತ ಮೇಲೆ ಹೇಳುತ್ತೇನೆ. ನೆಲದಿಂದ 600 ಮೀಟರ್‌ಗೆ ಬಂದಾಗ ಥರ್ಮಲ್ (ಮೇಲೇರುವ ಬಿಸಿಗಾಳಿ) ಹುಡುಕುವ ಆಸೆ ಸ್ವಲ್ಪ ಬದಿಗಿಟ್ಟು ಗದ್ದೆ ಆರಿಸಿ. 450ಕ್ಕೆ ಗದ್ದೆಯ ಪಕ್ಕ ಬಂದು, ಡೌನ್‌ವಿಂಡ್ ಲೆಗ್‌ನ (ಸುತ್ತಿನಲ್ಲಿ ಗಾಳಿ ಬೆನ್ನಿಗಿರುವ ಭಾಗ) ಶುರುವಿನಲ್ಲಿ ಇದ್ದ ಹಾಗೆ ನಿಂತು, ಆಗ ಕಂಬ ತೆಗೆಯಿರಿ. ಎರಡು ಸಲ ಪ್ರಯತ್ನ. 300ಕ್ಕೆ ಬಂದಿರೋ, ಇಂಜಿನ್ ಮರೆತುಬಿಡಿ. ಮೂರನೇ ಸಲ ಇಲ್ಲ. ಎಷ್ಟೋ ಅಪಘಾತಗಳ ವರದಿ ಓದಿದರೆ ಕೊನೆಯ ಕ್ಷಣದವರೆಗೂ ಪೈಲಟ್ ಕೈ ಸ್ಟಾರ್ಟರ್ ಮೇಲೇ ಇತ್ತು ಅನ್ನುವುದು ಕಾಣುತ್ತದೆ. ಗ್ಲೈಡರ್‌ಗೆ ಏನೂ ಆಗಿರಲಿಲ್ಲ. ವೇಗ ಕಳೆದುಕೊಂಡು ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು, ಸ್ಪಿನ್‌ಗೆ ಹೋಗಿ ಗಿರಕಿ ಹೊಡೆಯುತ್ತ ಬಿದ್ದದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಜವಾಗಿ ಜೀವ ತೆಗೆಯುವುದು ಇದೇ. ತಲೆ ತಗ್ಗಿಸಿ ಸ್ವಿಚ್ ಹುಡುಕುವಾಗ ಕೈ ತಾನಾಗಿ ಸ್ಟಿಕ್ ಹಿಂದಕ್ಕೆ ಎಳೆಯುತ್ತದೆ. ನೆಲ ಹತ್ತಿರ ಬಂದಂತೆ ಮನಸ್ಸು ಮೂಗು ಎತ್ತು ಅನ್ನುತ್ತದೆ. ಕಂಬದ ಎಳೆತ ಬೇರೆ ವೇಗ ತಿನ್ನುತ್ತಿರುತ್ತದೆ. ಅದರ ಮೇಲೆ ಗದ್ದೆ ಕಡೆಗೆ ತಿರುಗಿಸುವ ಅವಸರ. ನೇರ ಹಾರುವಾಗ ಗಂಟೆಗೆ 75 ಕಿ.ಮೀ.ಗೆ ಸ್ಟಾಲ್ ಆಗುವ ಗ್ಲೈಡರ್, 45 ಡಿಗ್ರಿ ವಾಲಿಸಿದರೆ 89ಕ್ಕೇ ಸ್ಟಾಲ್ ಆಗುತ್ತದೆ. 60 ಡಿಗ್ರಿಗೆ 106. ಹಾಗಾಗಿ ಕಂಬ ತೆಗೆಯುವ ಮುಂಚೆ ಮೂಗು ತಗ್ಗಿಸಿ ವೇಗ ಕಟ್ಟಿ, ಆ ವೇಗ ತಾನಾಗಿ ಉಳಿಯುವ ಹಾಗೆ ಟ್ರಿಮ್ ಇಡಿ. ಆಮೇಲೆ ಒಂದು ಕೆಲಸ, ಒಂದು ಸಲ ಸ್ಪೀಡ್ ನೋಟ. ಇನ್ನೊಂದು ಕೆಲಸ, ಮತ್ತೆ ಸ್ಪೀಡ್ ನೋಟ. ನೆಲದ ಮೇಲೆ ನಿಂತ ಗ್ಲೈಡರ್‌ನಲ್ಲಿ ಕಣ್ಣು ಮುಚ್ಚಿ ಕೂತು, ಇಂಧನದ ವಾಲ್ವ್ ಎಲ್ಲಿ, ಇಗ್ನಿಷನ್ ಎಲ್ಲಿ ಅಂತ ಕೈಯಲ್ಲೇ ಮುಟ್ಟಿ ಅಭ್ಯಾಸ ಮಾಡಿ. ನೋಡಿದವರು ನಗಬಹುದು. ನಗಲಿ ಬಿಡಿ.

ಸ್ಟಾರ್ಟ್ ಆಗಲಿಲ್ಲ, 300 ಮೀಟರ್ ಆಯಿತು. ಕಂಬ ಒಳಗೆ ಹಾಕಬೇಕಾ? ಬೇಡ ಅನ್ನುತ್ತೇನೆ. ಪ್ರೊಪೆಲ್ಲರ್ ನೆಟ್ಟಗೆ ನಿಂತರೆ ಮಾತ್ರ ಅದು ಒಳಗೆ ಹೋಗುತ್ತದೆ. ಅದನ್ನು ಕನ್ನಡಿಯಲ್ಲಿ ನೋಡಿ ಸರಿಮಾಡುವಷ್ಟು ಹೊತ್ತು ಈಗ ನಿಮ್ಮ ಹತ್ತಿರ ಇಲ್ಲ. ಹೊರಗೇ ಇರಲಿ. ಏರ್‌ಬ್ರೇಕ್ (ಬೇಗ ಇಳಿಯಲು ರೆಕ್ಕೆಯಿಂದ ಎದ್ದು ನಿಲ್ಲುವ ಹಲಗೆ) ಅರ್ಧ ತೆರೆದುಕೊಂಡೇ ಇದೆ ಅಂದುಕೊಂಡು ಇಳಿಸಿ. ಸರ್ಕ್ಯೂಟ್ ಹತ್ತಿರ ಇಟ್ಟುಕೊಳ್ಳಿ, ದೂರ ಹೋಗಬೇಡಿ. ಕೈಪಿಡಿ ಬೇರೆ ವೇಗ ಹೇಳದಿದ್ದರೆ, ಸ್ಪೀಡ್ ಮೀಟರ್ ಮೇಲಿನ ಹಳದಿ ತ್ರಿಕೋನಕ್ಕಿಂತ (ಇಳಿಯಲು ಬರುವಾಗ ಇರಬೇಕಾದ ಕನಿಷ್ಠ ವೇಗದ ಗುರುತು) ಸ್ವಲ್ಪ ಜಾಸ್ತಿ ವೇಗ ಇರಲಿ. ಗದ್ದೆ ಖಂಡಿತ ಸಿಗುತ್ತದೆ ಅನ್ನುವವರೆಗೆ ಏರ್‌ಬ್ರೇಕ್ ಮುಟ್ಟಬೇಡಿ. ಈ ಇಳಿತ ಹೇಗಿರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಅದಕ್ಕೇ ಹೊಸ ಗ್ಲೈಡರ್ ಕೈಗೆ ಬಂದ ಮೊದಲ ವಾರದಲ್ಲೇ, ನಿಮ್ಮ ಏರ್‌ಫೀಲ್ಡ್ ಮೇಲೆ ಒಳ್ಳೆ ಎತ್ತರದಲ್ಲಿ ಇಂಜಿನ್ ನಿಲ್ಲಿಸಿ ಕಂಬ ಹೊರಗೇ ಬಿಟ್ಟು ಇಳಿಯುವ ವೇಗ ಅಳೆದುಕೊಳ್ಳಿ. ಕೈಪಿಡಿಯ ಅಂಕಿಗಿಂತ ನೀವೇ ನೋಡಿದ ಅಂಕಿ ತಲೆಯಲ್ಲಿ ಉಳಿಯುತ್ತದೆ.

ಅಷ್ಟೊಂದು ಸಲ ಸ್ಟಾರ್ಟ್ ಆಗದೇ ಇರುತ್ತದಾ ಅಂತ ಕೇಳಬಹುದು. ಯಾಕೆ ಸ್ಟಾರ್ಟ್ ಆಗಬೇಕು ಹೇಳಿ? ಎರಡು ಮೂರು ಗಂಟೆ ಮೇಲೆ ತಣ್ಣಗೆ ಕೂತಿದ್ದ ಇಂಜಿನ್ ಅದು. ಸಾಮಾನ್ಯ ಕಾರಣಗಳು ಸಪ್ಪೆ ಅನ್ನುವಷ್ಟು ಸರಳ. ಇಂಧನದ ವಾಲ್ವ್ ಮುಚ್ಚಿದೆ. ಇಗ್ನಿಷನ್ ಹಾಕಿಲ್ಲ. ರೇಡಿಯೊ, ಮೂವಿಂಗ್ ಮ್ಯಾಪ್ ಎಲ್ಲ ಸೇರಿ ಬ್ಯಾಟರಿ ಹೀರಿಬಿಟ್ಟಿವೆ. ಕಂಬ ಪೂರ್ತಿ ಎದ್ದು ನಿಲ್ಲದೆ ಅದರ ಲಿಮಿಟ್ ಸ್ವಿಚ್ ಸ್ಟಾರ್ಟರ್‌ಗೆ ಕರೆಂಟ್ ಬಿಡುತ್ತಿಲ್ಲ. ಇಲ್ಲವೇ ಜಾಸ್ತಿ ಪ್ರೈಮ್ ಮಾಡಿ, ಅಂದರೆ ಸ್ಟಾರ್ಟ್‌ಗೆ ಮುಂಚೆ ಪೆಟ್ರೋಲ್ ಜಾಸ್ತಿ ಬಿಟ್ಟು, ಪ್ಲಗ್ ಒದ್ದೆಯಾಗಿದೆ. ಉಪಕರಣಗಳಿಗೆ ಬೇರೆ ಬ್ಯಾಟರಿ ಇರುವ ಗ್ಲೈಡರ್ ಆದರೆ ಇಂಜಿನ್ ಬ್ಯಾಟರಿಗೆ ಕೈ ಹಚ್ಚಲೇಬೇಡಿ. ತಿಂಗಳುಗಟ್ಟಲೆ ಓಡಿಸದ ಇಂಜಿನ್ ಗಾಳಿಯಲ್ಲಿ ಓಡುತ್ತದೆ ಅಂತ ನಂಬಬೇಡಿ. ಪ್ರತಿ ಹಾರಾಟದಲ್ಲೂ ಏರ್‌ಫೀಲ್ಡ್ ಮೇಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡುವುದು ಒಳ್ಳೆ ಅಭ್ಯಾಸ.

'ಟರ್ಬೊ' ಅಂತ ಕರೆಯುವ ಗ್ಲೈಡರ್‌ಗಳೂ ಸಿಗುತ್ತವೆ. ಇವು ಟೇಕಾಫ್ ಮಾಡಲಾರವು, ಮೇಲೆ ಉಳಿಯಲು ಮಾತ್ರ ಇಂಜಿನ್. ಹಲವುಗಳಲ್ಲಿ ಸ್ಟಾರ್ಟರೇ ಇಲ್ಲ. ಮೂಗು ತಗ್ಗಿಸಿ ವೇಗ ಏರಿಸಿ, ಗಾಳಿಯಿಂದಲೇ ಪ್ರೊಪೆಲ್ಲರ್ ತಿರುಗಿಸಿ ಸ್ಟಾರ್ಟ್ ಮಾಡಬೇಕು. ಅದಕ್ಕೇ ಒಂದಷ್ಟು ಎತ್ತರ ಖರ್ಚು. ಮೂಗಿನ ತುದಿಯಲ್ಲಿ ಮಡಚುವ ಪ್ರೊಪೆಲ್ಲರ್ ಇರುವ ಎಲೆಕ್ಟ್ರಿಕ್ ಗ್ಲೈಡರ್‌ಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಸ್ವಿಚ್ ಒತ್ತಿದ ಕೆಲವೇ ಸೆಕೆಂಡಿಗೆ ಓಡುತ್ತದೆ, ಓಡದಿದ್ದರೂ ಹೇಳಿಕೊಳ್ಳುವಷ್ಟು ಎಳೆತ ಇಲ್ಲ. ಗದ್ದೆ ಆರಿಸುವ ಕೆಲಸ ಮಾತ್ರ ಅವುಗಳಲ್ಲೂ ತಪ್ಪುವುದಿಲ್ಲ.

ಟೇಕಾಫ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಬೇಕು. ಫಾಲ್ಕೆಯಿಂದ ಬಂದವರಿಗೆ ಇಲ್ಲಿ ಒಂದು ಆಶ್ಚರ್ಯ ಕಾದಿರುತ್ತದೆ. ಕಂಬದ ಮೇಲಿನ ಪ್ರೊಪೆಲ್ಲರ್ ನಿಮ್ಮ ತಲೆಗಿಂತ ಮೇಲಿದೆ. ಪೂರ್ತಿ ಪವರ್‌ನಲ್ಲಿ ಅದು ಮೂಗನ್ನು ಕೆಳಗೆ ತಳ್ಳುತ್ತಿರುತ್ತದೆ. ನೀವು ಸ್ಟಿಕ್ ಹಿಂದಕ್ಕೆ ಹಿಡಿದು ಅದನ್ನು ಸರಿದೂಗಿಸುತ್ತಿರುತ್ತೀರಿ. 60 ಮೀಟರ್ ಎತ್ತರದಲ್ಲಿ ಇಂಜಿನ್ ಟಕ್ ಅಂತ ನಿಂತಿತು ಅನ್ನಿ. ತಳ್ಳುತ್ತಿದ್ದದ್ದು ಮಾಯ. ಸ್ಟಿಕ್ ಇನ್ನೂ ಹಿಂದೇ ಇದೆ. ಮೂಗು ತಾನಾಗಿ ಮೇಲೇಳುತ್ತದೆ, ಕಂಬ ಬ್ರೇಕ್ ಹಾಕುತ್ತದೆ, ವೇಗ ಕಣ್ಣೆದುರೇ ಬಿದ್ದುಹೋಗುತ್ತದೆ. ಆಗ ಯೋಚಿಸಲು ಸಮಯ ಇಲ್ಲ. ಸ್ಟಿಕ್ ಮುಂದಕ್ಕೆ, ಧಾರಾಳವಾಗಿ. ಮೂಗು ತಗ್ಗಿತು ಅಂದ ಮಾತ್ರಕ್ಕೆ ವೇಗ ಬಂತು ಅಂತಲ್ಲ. ಮುಳ್ಳು ಹಳದಿ ತ್ರಿಕೋನ ಮುಟ್ಟುವವರೆಗೆ ತಿರುಗಿಸಬೇಡಿ, ಏರ್‌ಬ್ರೇಕ್ ತೆರೆಯಬೇಡಿ. ಎದುರಿಗೆ ಜಾಗ ಇದ್ದರೆ ನೇರ ಇಳಿಯಿರಿ. ಎಷ್ಟು ಎತ್ತರದವರೆಗೆ ನೇರ, ಎಲ್ಲಿಂದ ಮೇಲೆ ತಿರುಗಿ ಬರಬಹುದು ಅನ್ನುವುದನ್ನು ರನ್‌ವೇಯಲ್ಲಿ ನಿಂತಾಗಲೇ ಬಾಯಿಬಿಟ್ಟು ಹೇಳಿಕೊಳ್ಳಿ. ಆ ಅಂಕಿಯನ್ನು ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಕೂತು, ಆ ಗ್ಲೈಡರ್‌ಗೆ, ಆ ಏರ್‌ಫೀಲ್ಡ್‌ಗೆ ಅಂತ ತೀರ್ಮಾನಿಸಬೇಕು. ನಾನು ಇಲ್ಲಿ ಕೂತು ಹೇಳುವಂಥದ್ದಲ್ಲ.

ಹೊರಡುವ ಮುಂಚೆ ಏರ್‌ಬ್ರೇಕ್ ಲಾಕ್ ಆಗಿದೆಯಾ ಅಂತ ಕೈಯಲ್ಲಿ ನೋಡಿದರೆ ಸಾಲದು. ಕತ್ತು ತಿರುಗಿಸಿ ರೆಕ್ಕೆ ನೋಡಿ, ಎರಡೂ ಕಡೆ. ಲಾಕ್ ಆಗದ ಏರ್‌ಬ್ರೇಕ್‌ಗಳನ್ನು ಗಾಳಿ ಮೇಲಕ್ಕೆ ಹೀರಿಕೊಳ್ಳುತ್ತದೆ. ಇಂಜಿನ್ ಎಷ್ಟು ಅರಚಿದರೂ ಗ್ಲೈಡರ್ ಏರುವುದಿಲ್ಲ. ಏರದಿದ್ದಾಗ ಎಲ್ಲರ ತಲೆಯೂ ಇಂಜಿನ್ ಕಡೆಗೇ ಹೋಗುತ್ತದೆ. ರೆಕ್ಕೆ ನೋಡುವವರು ಕಡಿಮೆ.

ಇಂಜಿನ್ ನಿಲ್ಲಿಸುವುದೂ ಒಂದು ಕೆಲಸವೇ. ಪೂರ್ತಿ ಪವರ್‌ನಲ್ಲಿ ಏರಿದ ಕೂಡಲೇ ಆಫ್ ಮಾಡಬೇಡಿ. ಒಂದೆರಡು ನಿಮಿಷ ಕಡಿಮೆ ಪವರ್‌ನಲ್ಲಿ ತಣಿಯಲಿ. ನಿಲ್ಲಿಸಿದ ಮೇಲೆ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಲೇ ಇರಬಹುದು. ಅದನ್ನು ನಿಲ್ಲಿಸಲು ವೇಗ ಇಳಿಸಬೇಕಾಗುತ್ತದೆ, ಅಂದರೆ ಸ್ಟಾಲ್ ಹತ್ತಿರಕ್ಕೆ ಹೋಗುತ್ತೀರಿ. ಆ ಹೊತ್ತಿಗೆ ರೆಕ್ಕೆ ಮಟ್ಟವಾಗಿರಲಿ, ಎತ್ತರ ಇರಲಿ, ಸುತ್ತ ಬೇರೆ ಗ್ಲೈಡರ್ ಇಲ್ಲ ಅಂತ ನೋಡಿರಿ. ಕನ್ನಡಿಯಲ್ಲೇ ಕಣ್ಣು ನೆಟ್ಟು ಕೂರಬೇಡಿ. ಮತ್ತೆ, ಇದೆಲ್ಲ ಏರ್‌ಫೀಲ್ಡ್‌ಗೆ ವಾಪಸ್ ಜಾರಿ ಬರಬಹುದಾದ ದೂರದಲ್ಲೇ ಆಗಲಿ.

ಫಾಲ್ಕೆಗೆ ಒಂದು ಮಾತು, ಇದು ನಮ್ಮ ಕರಾವಳಿಯ ಹವೆಗೂ ಹೊಂದುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟುವುದು ಚಳಿ ದೇಶದ ಕಾಯಿಲೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಪೆಟ್ರೋಲ್ ಆವಿಯಾಗುವಾಗ, ಗಾಳಿ ಸಪೂರ ಕಂಡಿಯಲ್ಲಿ ನುಗ್ಗುವಾಗ, ಒಳಗಿನ ಉಷ್ಣತೆ 20 ಡಿಗ್ರಿಗೂ ಜಾಸ್ತಿ ಇಳಿಯಬಹುದು. ಹೊರಗೆ 25 ಡಿಗ್ರಿ ಇದ್ದು ಗಾಳಿ ಒದ್ದೆ ಇದ್ದರೆ ಸಾಕು. ಮಂಗಳೂರಿನ ಜುಲೈ ತಿಂಗಳ ಬೆಳಗ್ಗೆ ಅಂದರೆ ಅದೇ. ಪವರ್ ಕಡಿಮೆ ಮಾಡಿ ಇಳಿಯುವಾಗ ಅಪಾಯ ಹೆಚ್ಚು. ಆರ್‌ಪಿಎಂ ತಾನಾಗಿ ಕುಸಿಯುತ್ತಿದೆ ಅಂದರೆ ಮೊದಲು ಇದನ್ನೇ ಅನುಮಾನಿಸಿ. ಥ್ರಾಟಲ್ ಎಳೆಯುವ ಮುಂಚೆಯೇ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ವ್ಯವಸ್ಥೆ) ಪೂರ್ತಿ ಹಾಕಿ. ಹಾಕಿದ ಮೇಲೆ ಗಡ್ಡೆ ಕರಗಿದ ನೀರು ಒಳಗೆ ಹೋಗಿ ಇಂಜಿನ್ ಇನ್ನಷ್ಟು ಕೆಮ್ಮುತ್ತದೆ. ಹೆದರಿ ವಾಪಸ್ ಎಳೆಯಬೇಡಿ. ಕೆಮ್ಮಲಿ, ಸರಿಹೋಗುತ್ತದೆ.

ಇನ್ನು ಕುದುರೆಮುಖ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತಲಿನ ಆಕಾಶ ಎಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಣದ ಹತೋಟಿಯಲ್ಲಿದೆ. ವಿಮಾನಕ್ಕೆ, ಪೈಲಟ್‌ಗೆ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಬೇಕು. ಜರ್ಮನಿಯ ಲೈಸೆನ್ಸ್ ಜೇಬಲ್ಲಿದೆ ಅಂತ ಸುಮ್ನೆ ಹಾರಲು ಆಗುವುದಿಲ್ಲ. ರಜೆಯಲ್ಲಿ ಬಂದಾಗ ದೇಶದೊಳಗೆ ಗ್ಲೈಡಿಂಗ್ ಹೇಗಿದೆ ನೋಡಬೇಕು ಅನ್ನಿಸಿದರೆ ಪುಣೆಯ ಹಡಪ್ಸರ್‌ನಲ್ಲಿ ಡಿಜಿಸಿಎ ಗ್ಲೈಡಿಂಗ್ ಸೆಂಟರ್ ಇದೆ, ವಿಚಾರಿಸಿ. ಅಂದ ಹಾಗೆ, ಎನ್‌ಸಿಸಿಗೆ ಬಂದಿರುವ ವೈರಸ್ ಎಸ್‌ಡಬ್ಲ್ಯೂ 80 ಅನ್ನುವ ಪುಟ್ಟ ವಿಮಾನ ನಿಮಗೆ ಗೊತ್ತಿರಬಹುದು. ಅದೇ ಪಿಪಿಸ್ಟ್ರೆಲ್ ಕಂಪನಿಯ ಸೈನಸ್ ಅನ್ನುವ ಮೋಟಾರ್ ಗ್ಲೈಡರ್‌ನ ತಮ್ಮ ಅದು. ಸೈನಸ್‌ಗೆ ಸುಮಾರು 15 ಮೀಟರ್ ರೆಕ್ಕೆ. ತಮ್ಮನಿಗೆ ಗಿಡ್ಡ ರೆಕ್ಕೆ, ಜಾಸ್ತಿ ವೇಗ.

ಪೆಟ್ರೋಲ್ ವಿಷಯವೂ ಇದೆ. ನಮ್ಮ ಬಂಕ್‌ಗಳಲ್ಲಿ 2025ರ ಹೊತ್ತಿಗೆ ಬಹುಪಾಲು ಇ20 ಬಂದಿದೆ, ಅಂದರೆ ಶೇ 20 ಎಥನಾಲ್. ಹೊಸ ಫಾಲ್ಕೆಗಳಲ್ಲಿರುವ ರೋಟ್ಯಾಕ್ಸ್ 912 ಇಂಜಿನ್‌ಗೆ ಕಂಪನಿಯ ಒಪ್ಪಿಗೆ ಇರುವುದು ಶೇ 10ರವರೆಗೆ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ನಮ್ಮ ಊರಿನ ಗಾಳಿಯಲ್ಲಿ ನೀರಿಗೇನು ಬರ. ಕಾರಿಗೆ ಹಾಕಿದ್ದನ್ನೇ ಕ್ಯಾನ್‌ನಲ್ಲಿ ತಂದು ಸುರಿಯುವಂತಿಲ್ಲ.

ಈಗ ನೆಲ. ಜರ್ಮನಿಯಲ್ಲಿ ನೀವು ಹಾರುವ ಕಡೆ ಕಟಾವಾದ ಗೋಧಿ ಹೊಲಗಳು ಕಾಣುತ್ತವೆ. ಉಡುಪಿಯಿಂದ ಮೂಡಣಕ್ಕೆ ಹೊರಟರೆ ಏನು ಕಾಣುತ್ತದೆ? ತೆಂಗು, ಅಡಿಕೆ, ರಬ್ಬರ್. ನಡುವೆ ಬೈಲು ಗದ್ದೆಗಳು, ಕೊಯ್ಲಾದ ಮೇಲೂ ಹೆಜ್ಜೆಹೆಜ್ಜೆಗೆ ಹುಣಿ (ಗದ್ದೆಯ ಬದು). 15–18 ಮೀಟರ್ ರೆಕ್ಕೆ ಹಿಡಿಸುವಷ್ಟು ಅಗಲ ಸಿಕ್ಕರೂ ಉದ್ದ ಸಿಗುವುದಿಲ್ಲ. ಉದ್ದ ಇದ್ದರೆ ಅಡ್ಡ ಒಂದು ಕರೆಂಟ್ ತಂತಿ. ತಂತಿ ಮೇಲಿಂದ ಕಾಣುವುದಿಲ್ಲ, ಕಂಬ ಹುಡುಕಬೇಕು. ಮೇಲಿನಿಂದ ಚಂದ ಕಾಣುವುದು ಪದವುಗಳು. ಹುಲ್ಲು ಹಾಸಿದ ಮಟ್ಟ ನೆಲ, ಇಳಿಯೋಣ ಅನ್ನಿಸುತ್ತದೆ. ಹತ್ತಿರ ಹೋದರೆ ಕೆಂಪುಕಲ್ಲು ತೆಗೆದ ಕೋರೆಗಳು, ನೆಟ್ಟಗೆ ಕಡಿದ ಗುಂಡಿಗಳು. ಹುಲ್ಲು ಬೆಳೆದಾಗ ಅವು ಕೊನೆಯ 50 ಮೀಟರ್‌ವರೆಗೂ ಗೊತ್ತಾಗದೆ ಇರಬಹುದು. ಕಡಲ ಬದಿಯಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ, ಆದರೆ ಮಲ್ಪೆಯಲ್ಲಾಗಲಿ ಪಣಂಬೂರಿನಲ್ಲಾಗಲಿ ಜನ ಇಲ್ಲದ ಸಂಜೆ ಯಾವುದು? ಹೆಬ್ರಿ ದಾಟಿದ ಮೇಲೆ ಸೋಮೇಶ್ವರದ ಕಾಡು, ಆಗುಂಬೆ ಘಾಟಿ. ಅಲ್ಲಿ ಇಳಿಯುವ ಜಾಗ ಅನ್ನುವ ಪ್ರಶ್ನೆಯೇ ಇಲ್ಲ.

ಗಾಳಿಯೂ ಸುಲಭದ್ದಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಒಳಗೆ ಬರುತ್ತದೆ. ಅದು ತಣ್ಣಗಿನ ಗಾಳಿ, ಬಂದಲ್ಲಿ ಥರ್ಮಲ್ ಸತ್ತುಹೋಗುತ್ತದೆ. ಘಟ್ಟದ ಬುಡದಲ್ಲಿ ಅದೇ ಗಾಳಿ ಮೇಲೇರಿ ಒಳ್ಳೆ ಎತ್ತುಗಾಳಿ ಕೊಡಬಹುದು, ಗ್ಲೈಡರ್ ಪೈಲಟ್‌ಗೆ ಬಾಯಲ್ಲಿ ನೀರೂರುವಂಥದ್ದು. ಆದರೆ ಅದೇ ಗಾಳಿ ಮೋಡವನ್ನೂ ಕಟ್ಟುತ್ತದೆ. ಕುದುರೆಮುಖ 1892 ಮೀಟರ್. ಮೋಡದ ತಳ ಅದಕ್ಕಿಂತ ಕೆಳಗೆ ಬಂದರೆ ಶಿಖರ ಮೋಡದೊಳಗೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮೋಡ. ಮಳೆ ಹನಿ ರೆಕ್ಕೆ ಮೇಲೆ ಕೂತರೆ ಆ ನಯವಾದ ರೆಕ್ಕೆಯ ಗುಣವೇ ಕೆಡುತ್ತದೆ. ಇಳಿಯುವ ವೇಗ ಹೆಚ್ಚುತ್ತದೆ, ಸ್ಟಾಲ್ ವೇಗವೂ ಏರುತ್ತದೆ.

ಒಟ್ಟಿನಲ್ಲಿ, ಆ ಕಡೆ ಹೋದರೆ ಇಂಜಿನ್ ಓಡಲೇಬೇಕು ಅನ್ನುವ ಹಾರಾಟ ಆಗುತ್ತದೆ. ಓಡಲೇಬೇಕು ಅನ್ನುವ ಇಂಜಿನ್ ಇಟ್ಟುಕೊಂಡು ಮಡಚುವ ಗ್ಲೈಡರ್‌ನಲ್ಲಿ ನಾನಂತೂ ಘಟ್ಟದ ಮೇಲೆ ಹೋಗುವುದಿಲ್ಲ, ಒಪ್ಪಿಗೆ ಸಿಕ್ಕರೂ. ಫಾಲ್ಕೆಯಂಥದ್ದರಲ್ಲಿ, ಬೆಳಗ್ಗೆ ಬೇಗ, ಎತ್ತರ ಇಟ್ಟುಕೊಂಡು, ಕರಾವಳಿಯ ಮೇಲೆ ನೆಲಕ್ಕೆ ಜಾರಿ ಬರುವಷ್ಟು ದೂರದಲ್ಲಿ ಆದರೆ ಮಾತು ಬೇರೆ.

ಈ ಸಲ ಊರಿಗೆ ಬಂದಾಗ ಒಂದು ಕೆಲಸ ಮಾಡಿ. ಆಗುಂಬೆಯ ಸನ್‌ಸೆಟ್ ಪಾಯಿಂಟ್‌ಗೆ ಹೋಗಿ, ಸಂಜೆಗಲ್ಲ, ಆಕಾಶ ತಿಳಿಯಾಗಿರುವ ಬೆಳಗ್ಗೆ. ಪಡುವಣಕ್ಕೆ ನೋಡಿ, 30 ಮೀಟರ್ ಅಗಲ, 300 ಮೀಟರ್ ಉದ್ದದ ಬಯಲು ಎಲ್ಲಾದರೂ ಕಾಣುತ್ತದಾ ಹುಡುಕಿ. ಕಂಡರೆ ಗುರುತು ಹಾಕಿಕೊಂಡು ಹೆಬ್ರಿ ಕಡೆಗೆ ಇಳಿದು, ಆ ಜಾಗಕ್ಕೇ ಹೋಗಿ ನಿಲ್ಲಿ. ಹುಣಿ ಎಷ್ಟು, ಕಂಬ ಎಷ್ಟು, ಇಳಿಜಾರು ಯಾವ ಕಡೆ ಅಂತ ಎಣಿಸಿ ಬರೆದು ಕಳಿಸಿ.